ಮಂಗಳೂರಿಂದ ಕಾರವಾರಕ್ಕೆ ಕಾರಲ್ಲಿ: ಎರಡು ದಿನ ಸಾಕಾ?

ಪ್ರಶ್ನೆ: ಮಂಗಳೂರಿನಿಂದ ಕಾರವಾರದವರೆಗೆ ಕಡಲ ಪಕ್ಕದಲ್ಲೇ ಕಾರು ಓಡಿಸಿಕೊಂಡು ಹೋಗಬೇಕು ಅನ್ನೋದು ನಮ್ಮ ಮನೆಯವರೆಲ್ಲರ ಆಸೆ. ಮ್ಯಾಪ್‌ನಲ್ಲಿ ನೋಡಿದರೆ ಐದಾರು ಗಂಟೆ ತೋರಿಸುತ್ತದೆ. ಹಾಗಾದರೆ ಶನಿವಾರ, ಭಾನುವಾರ ಎರಡೇ ದಿನ ಸಾಕಲ್ವಾ?

ಉತ್ತರ: ಕಾರವಾರ ಮುಟ್ಟೋಕೆ ಸಾಕು. ಕಡಲು ನೋಡೋಕೆ ಸಾಲದು. ನಾಲ್ಕು ರಾತ್ರಿ ಕೈಲಿದ್ದರೆ ಹೊರಡಿ. ಎರಡೇ ದಿನ ಇದ್ದರೆ ಅರ್ಧ ಕರಾವಳಿ ಮಾತ್ರ ನೋಡಿ, ಉಳಿದದ್ದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಮ್ಯಾಪ್ ಸುಳ್ಳು ಹೇಳುತ್ತಿಲ್ಲ. ದೂರ ಸುಮಾರು 270 ಕಿಲೋಮೀಟರ್, ಬಹುಪಾಲು ನಾಲ್ಕು ಪಥದ ರಸ್ತೆ. ಆದರೆ ಅದು ಹೇಳುವುದು ರಾಷ್ಟ್ರೀಯ ಹೆದ್ದಾರಿ 66ರ ಲೆಕ್ಕ. ಹಳಬರ ಬಾಯಲ್ಲಿ ಈಗಲೂ ಎನ್‌ಎಚ್ 17. ಅದನ್ನು ಕರಾವಳಿ ಹೆದ್ದಾರಿ ಅಂತ ಕರೆದರೂ ದಾರಿಯುದ್ದಕ್ಕೂ ಕಣ್ಣಿಗೆ ಬೀಳೋದು ಅಂಗಡಿ, ಫ್ಲೈಓವರ್, ತೆಂಗಿನ ತೋಟ, ಲಾರಿಗಳ ಬೆನ್ನು. ಮರವಂತೆಯಲ್ಲಿ ಕಡಲು ರಸ್ತೆಗೇ ಬರುತ್ತದೆ, ಕಾರವಾರದಲ್ಲಿ ಮತ್ತೆ ಸಿಗುತ್ತದೆ. ಮಿಕ್ಕ ಕಡೆ ಒಂದೆರಡು ಕಿಲೋಮೀಟರ್ ಆಚೆ ಎಲ್ಲೋ ಇರುತ್ತದೆ.

ಇದಕ್ಕೆ ಕಾರಣ ಹೊಳೆಗಳು. ಘಟ್ಟದಿಂದ ಇಳಿದು ಬರುವ ನೇತ್ರಾವತಿ, ಶಾಂಭವಿ, ಸ್ವರ್ಣಾ, ಸೀತಾ, ವಾರಾಹಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ಎಲ್ಲವೂ ಕಡಲಿಗೆ ಅಡ್ಡವಾಗಿಯೇ ಬರಬೇಕಲ್ಲ. ಕೆಲವಂತೂ ಕಡಲು ಕಂಡ ಕೂಡಲೇ ಸೇರುವುದಿಲ್ಲ. ದಡದ ಮರಳಿಗೆ ಸಮಾನಾಂತರವಾಗಿ ಕಿಲೋಮೀಟರ್‌ಗಟ್ಟಲೆ ಹರಿದು, ಆಮೇಲೆ ಅಳಿವೆಯಲ್ಲಿ ಕೂಡುತ್ತವೆ. ಹಾಗಾಗಿ ಕಡಲ ಪಕ್ಕದ ರಸ್ತೆ ಸ್ವಲ್ಪ ದೂರ ಹೋಗಿ ಒಂದು ಅಳಿವೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ವಾಪಸ್ ಬಂದು ಹೆದ್ದಾರಿ ಸೇರಬೇಕು, ಸೇತುವೆ ದಾಟಬೇಕು, ಮತ್ತೆ ಎಡಕ್ಕೆ ಇಳಿಯಬೇಕು. ಟೈಮ್ ತಿನ್ನೋದು ಇದೇ. ಪ್ಲಾನ್ ಮಾಡುವಾಗ ಕಿಲೋಮೀಟರ್ ಬಿಡಿ, ಎಷ್ಟು ಸಲ ಹೆದ್ದಾರಿ ಬಿಟ್ಟು ಕೆಳಗಿಳಿಯುತ್ತೀರಿ ಅಂತ ಎಣಿಸಿ. ಒಂದೊಂದಕ್ಕೂ ಎರಡು ಗಂಟೆ ಇಟ್ಟುಕೊಳ್ಳಿ. ದಿನಕ್ಕೆ ಮೂರು ಇಳಿತ ಆದರೆ ಜಾಸ್ತಿ ಆಯ್ತು.

ಹೊರಡುವುದಾದರೆ ದಕ್ಷಿಣದಿಂದ ಉತ್ತರಕ್ಕೇ ಹೊರಡಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನಾವು ಓಡಿಸುವುದು ಎಡಗಡೆ, ಉತ್ತರಕ್ಕೆ ಹೊರಟರೆ ಕಡಲೂ ಎಡಗಡೆ. ಬೀಚಿನ ಬೋರ್ಡ್ ಕಂಡರೆ ಸುಮ್ನೆ ಎಡಕ್ಕೆ ತಿರುಗಿದರಾಯ್ತು. ಕಾರವಾರದಿಂದ ಕೆಳಗೆ ಬರುವವರು ಪ್ರತಿ ಸಲ ಡಿವೈಡರ್‌ನ ಸಂದಿ ಹುಡುಕಬೇಕು, ಎದುರಿನ ಲಾರಿಗಳಿಗೆ ಕಾಯಬೇಕು.

ಮೊದಲ ಎರಡು ರಾತ್ರಿ ಉಡುಪಿ ಅಥವಾ ಮಲ್ಪೆಯಲ್ಲಿ ಉಳಿಯಿರಿ. ಕೊನೆಯ ಎರಡು ರಾತ್ರಿ ಕುಮಟಾ ಅಥವಾ ಗೋಕರ್ಣದಲ್ಲಿ. ದಿನಕ್ಕೊಂದು ಊರಲ್ಲಿ ರೂಮ್ ಮಾಡುವವರು ಬ್ಯಾಗು ಕಟ್ಟೋದು, ಬಿಚ್ಚೋದರಲ್ಲೇ ಅರ್ಧ ದಿನ ಕಳೆಯುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಕೇಳೋದೇ ಬೇಡ.

ಮಂಗಳೂರು ಬಿಟ್ಟ ದಿನ ಪಡುಬಿದ್ರಿಯಲ್ಲಿ ಬೇಕಿದ್ದರೆ ನಿಲ್ಲಿ. ಬ್ಲೂ ಫ್ಲ್ಯಾಗ್ ಬೀಚ್, ಸ್ವಚ್ಛವಾಗಿದೆ, ಶೌಚಾಲಯ ಚೆನ್ನಾಗಿದೆ. ಆದರೆ ಅಸಲಿ ಜಾಗ ಕಾಪು. ಇಲ್ಲಿನ ದೀಪಸ್ತಂಭ 1901ರದು, ಕಡಲಿಗೆ ಚಾಚಿದ ಬಂಡೆಯ ಮೇಲೆ ಕಟ್ಟಿದ್ದಾರೆ. ಮೇಲೆ ಹತ್ತಲು ಬಿಡೋದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಅದಕ್ಕೆ ತಕ್ಕಂತೆ ಹೊರಡಿ.

ಕಾಪುವಿನಿಂದ ಮಲ್ಪೆಗೆ ಹೆದ್ದಾರಿಯಲ್ಲಿ ಹೋಗಬೇಡಿ. ಮಟ್ಟು, ಪಡುಕೆರೆ ಮೇಲೆ ಹೋಗುವ ಸಣ್ಣ ರಸ್ತೆ ಹಿಡಿಯಿರಿ. ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆ ರಸ್ತೆ ಇಲ್ಲ, ಮರವಂತೆಯನ್ನೂ ಸೇರಿಸಿ. ಎಡಕ್ಕೆ ಕಡಲು, ಬಲಕ್ಕೆ ಉದ್ಯಾವರ ಹೊಳೆ, ನಡುವಿನ ಮರಳ ಪಟ್ಟಿಯ ಮೇಲೆ ಒಂದೇ ಸಾಲು ಮನೆಗಳು. ಕಡಲ ಕೊರೆತಕ್ಕೆ ಹಾಕಿದ ಕರಿ ಬಂಡೆಗಳ ಸಾಲು ರಸ್ತೆ ಪಕ್ಕದಲ್ಲೇ. ತೆಂಗಿನ ಮರದ ಬುಡದಲ್ಲಿ ದೋಣಿ ಎಳೆದಿಟ್ಟು ಮೇಲೆ ಮಡಲು ಹೊದಿಸಿರುತ್ತಾರೆ. ಅಂಗಳದಲ್ಲಿ ಬಲೆ ರಿಪೇರಿ ನಡೆದಿರುತ್ತದೆ. ಒಣಮೀನಿನ ವಾಸನೆ ಆಗದವರು ಗ್ಲಾಸ್ ಏರಿಸಿಕೊಳ್ಳಲಿ. ಎದುರಿಂದ ಇನ್ನೊಂದು ಕಾರು ಬಂದರೆ ಕನ್ನಡಿ ಮಡಚಿ ಯಾರದ್ದೋ ಗೇಟಿನ ಬಳಿ ಒತ್ತಿ ನಿಲ್ಲಬೇಕಾಗುತ್ತದೆ, ಅವಸರ ಬೇಡ. ಆ ಮಟ್ಟುವೇ ಮಟ್ಟು ಗುಳ್ಳದ ಊರು, ಜಿಐ ಟ್ಯಾಗ್ ಸಿಕ್ಕ ಬದನೆ. ಸೀಸನ್ ಇದ್ದರೆ ಒಂದು ಕಿಲೋ ತಗೊಳ್ಳಿ.

ಮರುದಿನ ಬೆಳಿಗ್ಗೆ ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರಿಸ್ ದ್ವೀಪ. ಅಲ್ಲಿನ ಹಲವು ಮೂಲೆಯ ಕಲ್ಲುಕಂಬಗಳು ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯದು. ಬೇಗ ಹೋಗಿ, ಬಿಸಿಲಿಗೆ ನೆರಳು ಕಮ್ಮಿ. ಸಂಜೆಗೆ ಹೂಡೆ ಮೇಲೆ ಕೋಡಿಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ಕಡಲು ಸೇರುವ ಅಳಿವೆ ಅದು, ರಸ್ತೆ ಅಲ್ಲಿಗೆ ಮುಗಿಯುತ್ತದೆ. ಕೃಷ್ಣ ಮಠಕ್ಕೂ ಈ ದಿನವೇ ಹೊತ್ತು ಮಾಡಿಕೊಳ್ಳಿ.

ಮೂರನೇ ದಿನ ದೂರದ ಓಟ. ಮಧ್ಯಾಹ್ನದ ಊಟಕ್ಕೆ ಕುಂದಾಪುರ ಅಂತ ಲೆಕ್ಕ ಹಾಕಿದರೆ ಬೇಗ ಆಗಿಬಿಡುತ್ತದೆ, ಆದರೂ ಕೋಳಿ ಸುಕ್ಕ, ಘೀ ರೋಸ್ಟ್ ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರೋಲ್ಲ. ಅಲ್ಲಿಂದ ಅರ್ಧ ಗಂಟೆಯೊಳಗೆ ಮರವಂತೆ. ಸೌಪರ್ಣಿಕಾ ಹೊಳೆ ಕಡಲಿಗೆ ಇನ್ನೇನು ನೂರಿನ್ನೂರು ಹೆಜ್ಜೆ ಅನ್ನುವಷ್ಟು ಹತ್ತಿರ ಬಂದು, ಸೇರದೆ, ತಿರುಗಿ ದಕ್ಷಿಣಕ್ಕೆ ಹೋಗಿ ಗಂಗೊಳ್ಳಿಯಲ್ಲಿ ಕಡಲಿಗೆ ಬೀಳುತ್ತದೆ. ಆ ಸಂದಿಯಲ್ಲೇ ಹೆದ್ದಾರಿ. ಫೋಟೋಗೆ ಅಂತ ಚಲಿಸುವ ಪಥದಲ್ಲಿ ಕಾರು ನಿಲ್ಲಿಸಬೇಡಿ, ಅಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ತ್ರಾಸಿ ಕಡೆ ನಿಲ್ಲಿಸೋಕೆ ಜಾಗ ಇದೆ. ಮರವಂತೆಯಲ್ಲಿ ನೀರಿಗೆ ಇಳಿಯೋದು ಬೇಡವೇ ಬೇಡ, ದಡದುದ್ದಕ್ಕೂ ಬಂಡೆ, ಸೆಳೆತ ಜೋರು.

ಬೈಂದೂರಿನ ಒತ್ತಿನೆಣೆ ಗುಡ್ಡಕ್ಕೆ ಅರ್ಧ ಗಂಟೆ ಕೊಡಿ. ಮುರ್ಡೇಶ್ವರ ಬೇಕೋ ಬೇಡವೋ ನಿಮಗೆ ಬಿಟ್ಟದ್ದು. 123 ಅಡಿ ಶಿವನೂ, ಲಿಫ್ಟ್‌ನಲ್ಲಿ ಹೋಗಬಹುದಾದ ರಾಜಗೋಪುರವೂ ಮಕ್ಕಳಿಗೆ ಇಷ್ಟ. ರಜಾ ದಿನ ಪಾರ್ಕಿಂಗ್‌ಗೇ ಸಾಕುಸಾಕಾಗುತ್ತದೆ. ನನಗಾದರೆ ಅದಕ್ಕಿಂತ ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಮರದ ನಡಿಗೆದಾರಿ ಹೆಚ್ಚು.

ನಾಲ್ಕನೇ ದಿನ ಮಿರ್ಜಾನ್ ಕೋಟೆ, ಗೋಕರ್ಣ, ಅಘನಾಶಿನಿ. ಕೋಟೆ ಹೆದ್ದಾರಿ ಪಕ್ಕದಲ್ಲೇ ಇದೆ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಜಾಗ. ಮಳೆಗಾಲ ಮುಗಿದ ಮೇಲೆ ಹೋದರೆ ಚಿರೇಕಲ್ಲಿನ ಗೋಡೆ ಪೂರ್ತಿ ಹಸಿರು ಪಾಚಿ. ಗೋಕರ್ಣದಿಂದ ತದಡಿಗೆ ಬನ್ನಿ. ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಬಹುದು, ಜನ, ಬೈಕು ಎಲ್ಲ ಒಟ್ಟಿಗೆ. ಕಾರನ್ನು ಈಚೆ ದಡದಲ್ಲೇ ಬಿಟ್ಟು ಸುಮ್ನೆ ದಾಟಿ ವಾಪಸ್ ಬನ್ನಿ. ನೀರಿಳಿದಾಗ ಹೊಳೆಯ ಮಧ್ಯೆ ಸೊಂಟದವರೆಗೆ ನಿಂತು ಜನ ಬಳಚು (ತಿನ್ನುವ ಚಿಪ್ಪು) ಹೆಕ್ಕುವುದು ಕಾಣುತ್ತದೆ. ಈ ಹೊಳೆಗೆ ಎಲ್ಲೂ ಅಣೆಕಟ್ಟು ಇಲ್ಲ.

ಕಾರವಾರ ಕೊನೆಯ ದಿನಕ್ಕೆ. ಗೋಕರ್ಣದಿಂದ ಸುಮಾರು 60 ಕಿಲೋಮೀಟರ್. ಟಾಗೋರ್ ಇಲ್ಲಿಗೆ ಬಂದದ್ದು ತಾರುಣ್ಯದಲ್ಲಿ, 1883ರಲ್ಲಿ. ಊರಿನ ದೊಡ್ಡ ಬೀಚಿಗೆ ಅವರದ್ದೇ ಹೆಸರು. ಕಾಳಿ ಸೇತುವೆ ದಾಟಿ ಸದಾಶಿವಗಡ ಹತ್ತಿದರೆ ಹೊಳೆ, ಕಡಲು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದು ಇಲ್ಲೇ.

ಯಾವಾಗ ಹೋಗೋದು? ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ಬಿಟ್ಟುಬಿಡಿ. ಏಪ್ರಿಲ್, ಮೇ ಸೆಖೆ ತಡೆಯೋಕಾಗಲ್ಲ. ಅಂಕೋಲೆಯ ಕರಿ ಇಶಾಡ್ ಮಾವಿನ ಆಸೆ ಇದ್ದವರು ಮಾತ್ರ ಮೇನಲ್ಲಿ ಬನ್ನಿ. ಮಳೆಗಾಲದಲ್ಲಿ ಕಡಲ ರೂಪವೇ ಬೇರೆ, ಚೆಂದವೇ. ಆದರೆ ದ್ವೀಪಕ್ಕೆ ಬೋಟ್ ಇರಲ್ಲ, ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ತಾಜಾ ಮೀನೂ ಕಮ್ಮಿ, ದುಬಾರಿ. ಗುಡ್ಡ ಕುಸಿಯುವ ಭಯ ಬೇರೆ. 2024ರ ಜುಲೈ 16ರಂದು ಹೆದ್ದಾರಿ ಮೇಲೆ ಗುಡ್ಡ ಬಿದ್ದ ಶಿರೂರು ಅಂಕೋಲೆ ಹತ್ತಿರದ್ದು. ದಾರಿಯಲ್ಲಿ ಬೈಂದೂರು ಕಡೆ ಸಿಗುವ ಟೋಲ್‌ನ ಶಿರೂರು ಬೇರೆ, ಗಲಿಬಿಲಿ ಬೇಡ.

ಬೆಂಗಳೂರಿನಿಂದ ಬರುವವರು ಬಂದ ದಾರಿಯಲ್ಲೇ ವಾಪಸ್ ಹೋಗಬೇಡಿ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಬನ್ನಿ, ವಾಪಸ್ ಹೋಗುವಾಗ ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಮೇಲೆ ಹೋಗಿ. ಜೋಗ ನೋಡಬೇಕೆನ್ನುವವರು ಹೊನ್ನಾವರದವರೆಗೆ ಹಿಂದೆ ಬಂದು ಗೇರುಸೊಪ್ಪೆ ಹತ್ತಿ ಸಾಗರಕ್ಕೆ ಹೋಗಬಹುದು. ಮಳೆಗಾಲದಲ್ಲಿ ಯಾವ ಘಟ್ಟವೇ ಆಗಲಿ, ಹೊರಡುವ ದಿನ ಬೆಳಿಗ್ಗೆ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಂಡೇ ಗಾಡಿ ತೆಗೆಯಿರಿ.

ಇನ್ನು ನಿಮ್ಮ ಎರಡು ದಿನದ ವಿಷಯ. ಉಡುಪಿಯಲ್ಲಿ ಒಂದು ರಾತ್ರಿ ಉಳಿದು ಕಾಪು, ಪಡುಕೆರೆ, ಕೋಡಿಬೆಂಗ್ರೆ, ಮರವಂತೆ ಇಷ್ಟು ನೋಡಿ ತಿರುಗಿ. ಇಲ್ಲವೇ ಹುಬ್ಬಳ್ಳಿ ಕಡೆಯವರಾದರೆ ಅಂಕೋಲೆಗೆ ಇಳಿದು ಗೋಕರ್ಣ, ಮಿರ್ಜಾನ್, ಹೊನ್ನಾವರ. ಎರಡನ್ನೂ ಒಂದೇ ವೀಕೆಂಡ್‌ಗೆ ತುರುಕಬೇಡಿ.