ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ

ನನ್ನ ಅಕ್ಕನ ಮಗಳು ತುಮಕೂರಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾಳೆ. ಅವಳ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಎಡಗಡೆ ಹಾಳೆಯಲ್ಲಿ ಇಂಗ್ಲಿಷಿನ ಪದ, ಬಲಗಡೆ ಹಾಳೆಯಲ್ಲಿ ಅದಕ್ಕೆ ಜನ ಆಡುವ ಮಾತು. ಎಡಗಡೆ ‘ಅಬ್ಸೆಷನ್’, ಬಲಗಡೆ ‘ಗೀಳು’. ಎಡಗಡೆ ‘ಪಾಲ್ಪಿಟೇಷನ್’, ಬಲಗಡೆ ‘ಎದೆ ಡವಡವ’. ಮನಸ್ಸಿನ ನೋವು ಮೈನೋವಾಗಿ ಕಾಣಿಸಿಕೊಳ್ಳುವ ‘ಸೊಮಟೈಸೇಷನ್’ ಎದುರಿಗೆ ಮಾತ್ರ ಐದು ಸಾಲು ತುಂಬಿಸಿದ್ದಾಳೆ: ಮೈ ಜುಮ್ ಅನ್ನುತ್ತೆ, ತಲೆಯೊಳಗೆ ಹುಳ ಹರಿದಂಗಾಗುತ್ತೆ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೆಳೆತ, ಸುಮ್ನೆ ಸುಸ್ತು.

“ಇದೆಲ್ಲ ಪರೀಕ್ಷೆಗಾ?” ಅಂದೆ.

“ಪರೀಕ್ಷೆಗೆ ಎಡಗಡೆ ಸಾಕು ಮಾಮ. ಬಲಗಡೆ ಪೇಷೆಂಟ್‌ಗೆ.”

ಎರಡೂ ಒಂದೇ ಪುಸ್ತಕದಲ್ಲಿ ಸಿಗಬಾರದಾ ಅನ್ನುವುದು ಆವತ್ತಿನಿಂದ ನನ್ನ ತಲೆಯಲ್ಲಿ ಕೂತ ಪ್ರಶ್ನೆ. ತುಮಕೂರಿನ ಪುಸ್ತಕದ ಅಂಗಡಿಗೆ ಹೋಗಿ ಮನಸ್ಸಿನ ಬಗ್ಗೆ ಕನ್ನಡ ಪುಸ್ತಕ ಕೊಡಿ ಅಂದರೆ ಒಂದು ರಾಶಿ ತೆಗೆದಿಡುತ್ತಾರೆ. ಆತ್ಮವಿಶ್ವಾಸ ಹೆಚ್ಚಿಸಿಕೊಳ್ಳುವುದು ಹೇಗೆ, ಸಿಟ್ಟು ಕಡಿಮೆ ಮಾಡಿಕೊಳ್ಳುವುದು ಹೇಗೆ, ಪರೀಕ್ಷೆಯ ಭಯ ಓಡಿಸುವುದು ಹೇಗೆ. ಬಿಎಗೆ ಗೈಡ್‌ಗಳೂ ಇವೆ. ಆದರೆ ರೋಗಿಯ ಎದುರು ಕೂರಬೇಕಾದವರು ಓದುವ ಪುಸ್ತಕ ಬೇಕು ಅಂದರೆ, ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಬೇಕು. ಸಿಕ್ಕಿದ್ದು ಇಂಗ್ಲಿಷಿನಲ್ಲೇ ಇರುತ್ತದೆ.

ಇದರ ಬೇರು ನೂರು ವರ್ಷದಷ್ಟು ಹಿಂದಿದೆ. 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. 1922ರಲ್ಲಿ ಅದೇ ಊರಿನಲ್ಲಿ ಗಿರೀಂದ್ರಶೇಖರ ಬೋಸ್ ಅನ್ನುವ ವೈದ್ಯರು ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಬೋಸ್ ಮತ್ತು ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಫ್ರಾಯ್ಡ್ ಮಧ್ಯೆ ವರ್ಷಗಟ್ಟಲೆ ಕಾಗದ ಓಡಾಡಿತು. ಭೇಟಿ ಒಮ್ಮೆಯೂ ಆಗಲಿಲ್ಲ. ಫ್ರಾಯ್ಡ್‌ಗೆ 75 ತುಂಬಿದಾಗ ಕಲ್ಕತ್ತಾದಿಂದ ಆನೆದಂತದ ಒಂದು ವಿಷ್ಣು ವಿಗ್ರಹ ಹೋಯಿತು. ಅವರು ಅದನ್ನು ತಮ್ಮ ಮೇಜಿನ ಮೇಲೇ ಇಟ್ಟುಕೊಂಡರು. ಬೋಸ್ ಇಂಗ್ಲಿಷಿನ ಜೊತೆಗೆ ಬಂಗಾಳಿಯಲ್ಲೂ ಬರೆದರು ಅನ್ನುವುದನ್ನು ಇಲ್ಲಿ ನೆನಪಿಡಬೇಕು.

ನಮ್ಮ ಕಡೆ ಕಥೆ ಶುರುವಾಗುವುದು 1924ರಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದವರು. ಅವರನ್ನು ನಾವು ನೆನೆಯುವುದು ಬೇರೆ ಕಾರಣಕ್ಕೆ: 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಇಟ್ಟು ಅದನ್ನು ‘ಆಕಾಶವಾಣಿ’ ಅಂತ ಕರೆದವರು ಅವರೇ. ಮನಶ್ಶಾಸ್ತ್ರದ ಮೇಷ್ಟ್ರು ದೇಶದ ರೇಡಿಯೋಗೆ ಹೆಸರು ಕೊಟ್ಟರು. ಆದರೆ ಅವರ ಶಾಸ್ತ್ರದ ಪಾಠ ಮಾತ್ರ, ಆ ಕಾಲದ ಎಲ್ಲ ಕಾಲೇಜು ಪಾಠಗಳ ಹಾಗೆ, ಇಂಗ್ಲಿಷಿನಲ್ಲಿ ನಡೆಯಿತು.

ಕನ್ನಡಕ್ಕೆ ಪದ ಕಟ್ಟುವ ಶಕ್ತಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅದರಲ್ಲೂ ತುಮಕೂರು ಜಿಲ್ಲೆಯವರು ಒಪ್ಪಲೇಬಾರದು. ‘ರಾಷ್ಟ್ರಪತಿ’ ಅನ್ನುವ ಪದ ಕೊಟ್ಟವರು ಅಂತ ಹೆಸರಾದ ತೀ.ನಂ. ಶ್ರೀಕಂಠಯ್ಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಕನ್ನಡ ತಲೆ ಎತ್ತಬೇಕು ಅಂತ 1911ರಲ್ಲೇ ಭಾಷಣ ಮಾಡಿದ ಬಿ.ಎಂ.ಶ್ರೀ ಹುಟ್ಟಿದ್ದು ತುರುವೇಕೆರೆ ಕಡೆಯ ಸಂಪಿಗೆಯಲ್ಲಿ. ಪದ ಹುಟ್ಟಿಸುವ ಜನಕ್ಕೆ ಬರ ಇರಲಿಲ್ಲ. ತೊಡಕು ಇದ್ದದ್ದು ಹುಟ್ಟಿದ ಪದಗಳ ಸ್ವಭಾವದಲ್ಲಿ.

ಇಲ್ಲಿ ಫ್ರಾಯ್ಡ್ ಕಡೆ ಒಂದು ಸುತ್ತು ಹೋಗಿ ಬರಬೇಕು. 1923ರ ಪುಸ್ತಕದಲ್ಲಿ ಅವರು ಮನಸ್ಸಿನ ಭಾಗಗಳಿಗೆ ಇಟ್ಟ ಹೆಸರುಗಳು ತೀರಾ ಸಾದಾ. ಜರ್ಮನ್‌ನಲ್ಲಿ ‘ಇಷ್’ ಅಂದರೆ ‘ನಾನು’, ‘ಎಸ್’ ಅಂದರೆ ‘ಅದು’. ಅಲ್ಲಿ ಎಳೆ ಮಕ್ಕಳೂ ಆಡುವ ಪದಗಳು. ಇಂಗ್ಲಿಷಿಗೆ ತಂದವರು ಲ್ಯಾಟಿನ್ ಮೊರೆಹೋದರು. ‘ನಾನು’ ಹೋಗಿ ‘ಈಗೋ’ ಆಯಿತು, ‘ಅದು’ ಹೋಗಿ ‘ಇಡ್’ ಆಯಿತು. 1953ರಿಂದ 1974ರವರೆಗೆ ಜೇಮ್ಸ್ ಸ್ಟ್ರೇಚಿ ಮುಂದಾಳತ್ವದಲ್ಲಿ 24 ಸಂಪುಟಗಳು ಬಂದ ಮೇಲೆ ಆ ಪದಗಳೇ ಗಟ್ಟಿಯಾದವು. ಡಾಕ್ಟರುಗಳ ಬಾಯಲ್ಲಿ ಗಂಭೀರವಾಗಿ ಕೇಳಿಸಲಿ ಅಂತ ಹೀಗೆ ಮಾಡಿದರು, ಫ್ರಾಯ್ಡ್‌ರ ಮಾತಿನ ಜೀವವೇ ಹೋಯಿತು ಅಂತ ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ 1980ರ ದಶಕದಲ್ಲಿ ಜಗಳ ತೆಗೆದರು.

ನಮಗೆ ಬಂದದ್ದು ಜರ್ಮನ್ ಅಲ್ಲ, ಈ ಇಂಗ್ಲಿಷು. ನಾವು ಲ್ಯಾಟಿನ್ನಿಗೆ ಸಂಸ್ಕೃತ ಕೊಟ್ಟೆವು. ‘ಈಗೋ’ ಅಂದರೆ ‘ಅಹಂ’, ಒಳಗೇ ಕೂತು ಸರಿ ತಪ್ಪು ಹೇಳುವ ‘ಸೂಪರ್ ಈಗೋ’ ಅಂದರೆ ‘ಅತ್ಯಹಂ’. ಆದರೆ ಕನ್ನಡದಲ್ಲಿ ‘ಅಹಂ’ ಅಂದ ತಕ್ಷಣ ಕೇಳಿಸುವುದು ಜಂಬ. “ಅವನಿಗೆ ಅಹಂ ಜಾಸ್ತಿ” ಅನ್ನುತ್ತೇವೆ, ಅಲ್ವಾ? ನನ್ನ ಅಕ್ಕನ ಮಗಳ ಜೊತೆಯವನೊಬ್ಬ, ಅಹಂ ಗಟ್ಟಿಯಾಗಿರುವವನು ದುರಹಂಕಾರಿ, ಅವನಿಗೆ ಚಿಕಿತ್ಸೆ ಬೇಕು ಅಂತ ಉತ್ತರ ಬರೆದನಂತೆ. ಫ್ರಾಯ್ಡ್ ಹೇಳಿದ್ದಕ್ಕೆ ನೇರ ಉಲ್ಟಾ. ಅವರ ಲೆಕ್ಕದಲ್ಲಿ ಅದು ಒಳಗಿನ ಆಸೆಗೂ ಹೊರಗಿನ ಲೋಕಕ್ಕೂ ಹೊಂದಾಣಿಕೆ ಮಾಡಿಸುವ ಭಾಗ, ಗಟ್ಟಿಯಾಗಿದ್ದರೇ ಮನುಷ್ಯ ನೆಟ್ಟಗಿರುತ್ತಾನೆ. ಹುಡುಗನದ್ದು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಗಂತ ‘ನಾನು’ ಅಂತಲೇ ಇಟ್ಟಿದ್ದರೂ ಪೂರ್ತಿ ಬಚಾವಾಗುತ್ತಿರಲಿಲ್ಲ. “ನಾನು ಹೋದರೆ ಹೋದೇನು” ಅನ್ನುವ ಕನಕದಾಸರ ಕಥೆ ಕೇಳಿ ಬೆಳೆದ ನಾಡಿನಲ್ಲಿ ‘ನಾನು’ ಅನ್ನುವುದಕ್ಕೂ ಸ್ವಲ್ಪ ಸೊಕ್ಕಿನ ವಾಸನೆ ಇದೆ. ಇಂಥ ಜಾಗದಲ್ಲಿ ಬರೀ ಪದಕೋಶ ಸಾಲದು. ಪದದ ಪಕ್ಕ ಕೂತು ವಿವರಿಸುವ ಪುಸ್ತಕ ಬೇಕು.

ವಿವರಿಸಿದವರು ಇದ್ದರು. ಅವರು ಬರೆದದ್ದು ಸಾಮಾನ್ಯ ಓದುಗರಿಗೆ. ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿ ‘ರಾಶಿ’ ಅಂತ ಹೆಸರಾದ ಡಾ. ಎಂ. ಶಿವರಾಂ ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ, ಕಾದಂಬರಿಗಳ ಸಾಲಿನಲ್ಲಿ ಇಂಥದ್ದೊಂದು ಪುಸ್ತಕಕ್ಕೆ ಆ ಗೌರವ! ಆಮೇಲೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಖಿನ್ನತೆ ಅಂದರೆ ಸೋಮಾರಿತನ ಅಲ್ಲ, ಮೈಮೇಲೆ ಬರುವುದು ನಾಟಕ ಅಲ್ಲ ಅಂತ ಹಳ್ಳಿಯ ಗ್ರಂಥಾಲಯದವರೆಗೂ ತಲುಪಿಸಿದವರು ಅವರು. ಈ ವಿಷಯದಲ್ಲಿ ಕನ್ನಡ ಓದುಗ ಅದೃಷ್ಟವಂತ. ಓದುಗನಿಗೆ ಪುಸ್ತಕ ಸಿಕ್ಕಿತು. ಆ ಓದುಗನಿಗೆ ಚಿಕಿತ್ಸೆ ಕೊಡಲು ಕಲಿಯುವವರಿಗೆ ಸಿಗಲಿಲ್ಲ.

ಯಾಕೆ? ನನ್ನ ಲೆಕ್ಕದಲ್ಲಿ ಒಂದು ಕಾರಣ ಕೋರ್ಸುಗಳು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಮುಂದಿನ ವರ್ಷವೇ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಡಿಪ್ಲೊಮಾ ತರಬೇತಿ ಬಂತು. 1974ರಲ್ಲಿ ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆದವು. ಓದಲು ಇಡೀ ದೇಶದಿಂದ ಜನ ಬರುತ್ತಿದ್ದರು, ಹಾಗಾಗಿ ಇಂಗ್ಲಿಷು ಬೇಕೇ ಬೇಕಿತ್ತು. 1992ರ ಕಾಯಿದೆ ಭಾರತೀಯ ಪುನರ್ವಸತಿ ಪರಿಷತ್ತಿಗೆ ಅಧಿಕಾರ ಕೊಟ್ಟ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಅಲ್ಲಿ ನೋಂದಣಿ ಬೇಕು. ಅದಕ್ಕೆ ಓದುವ ಕೋರ್ಸೂ ಇಂಗ್ಲಿಷಿನದೇ. ಇನ್ನೊಂದು ಕಾರಣ ಅಗ್ಗದ ಪುಸ್ತಕ. 1960ರ ದಶಕದಿಂದ ಬ್ರಿಟಿಷ್ ಸರ್ಕಾರದ ಸಬ್ಸಿಡಿಯಲ್ಲಿ ಇಎಲ್‌ಬಿಎಸ್ (ಇಂಗ್ಲಿಷ್ ಲ್ಯಾಂಗ್ವೇಜ್ ಬುಕ್ ಸೊಸೈಟಿ) ಪುಸ್ತಕಗಳು ಬಂದವು. ಟಾಟಾ ಮೆಕ್‌ಗ್ರಾಹಿಲ್‌ನಂಥವರು ಅಮೆರಿಕದ ಪಠ್ಯಗಳನ್ನು ಇಲ್ಲೇ ಅಚ್ಚು ಹಾಕಿದರು. ಮಾರ್ಗನ್ ಮತ್ತು ಕಿಂಗ್, ಹರ್ಲಾಕ್, ಅನಸ್ತಾಸಿ ಅನ್ನುವ ಹೆಸರುಗಳನ್ನು ಕೇಳಿದರೆ ಐವತ್ತು ದಾಟಿದ ಮನಶ್ಶಾಸ್ತ್ರದ ಮೇಷ್ಟ್ರುಗಳ ಮುಖ ಈಗಲೂ ಅರಳುತ್ತದೆ. ಒಳ್ಳೆಯ ಪುಸ್ತಕಗಳೇ. ಕೈಗೆ ಅಗ್ಗವಾಗಿ ಸಿಗುತ್ತಿದ್ದಾಗ ಕನ್ನಡದಲ್ಲಿ ಬರೆಯಬೇಕು ಅನ್ನುವ ತುರ್ತು ಯಾರಿಗಿರುತ್ತದೆ?

ನನಗೆ ಜಾಸ್ತಿ ಬೇಜಾರಾಗುವುದು ಇನ್ನೊಂದು ಸಂಗತಿಗೆ. ಈ ಶಾಸ್ತ್ರಕ್ಕೆ ಕನ್ನಡದ ಜನ ಕೊಟ್ಟದ್ದು ಕಡಿಮೆಯಲ್ಲ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆಯನ್ನು ಈವತ್ತಿಗೂ ಬಳಸುತ್ತಾರೆ. ಉಡುಪಿ ಕಡೆಯ ಕೋಟದ ಜನರ ಮನಸ್ಸಿನ ಆರೋಗ್ಯದ ಮೇಲೆ ಮನೋವೈದ್ಯರಾದ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ 1976ರಲ್ಲಿ ಇಡೀ ಪುಸ್ತಕವನ್ನೇ ತಂದರು. ಮೈಸೂರಿನ ಎ.ಕೆ. ರಾಮಾನುಜನ್ ಒಂದು ಕನ್ನಡ ಜನಪದ ಕಥೆ ಹಿಡಿದು ಫ್ರಾಯ್ಡ್‌ಗೇ ಪ್ರಶ್ನೆ ಹಾಕಿದರು. ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತು ಹುಟ್ಟಿದ ಹೆಣ್ಣಿನ ಕಥೆ ಅದು. ಫ್ರಾಯ್ಡ್ ನೆಚ್ಚಿಕೊಂಡದ್ದು ಗ್ರೀಕರ ಈಡಿಪಸ್ ಕಥೆಯನ್ನು; ತಿಳಿಯದೆ ತಾಯಿಯನ್ನೇ ಮದುವೆಯಾಗುವ ಆ ಕಥೆ ನಡೆಯುವುದು ಮಗನ ಕಡೆಯಿಂದ. ನಮ್ಮ ಅಜ್ಜಿಯರು ಅದನ್ನು ತಾಯಿಯ ಕಡೆಯಿಂದ ಹೇಳಿದ್ದಾರೆ. ಗ್ರೀಕರಲ್ಲಿ ಮಗ ಅಪ್ಪನನ್ನು ಕೊಲ್ಲುತ್ತಾನೆ. ನಮ್ಮಲ್ಲಿ ಯಯಾತಿ ಮಗನ ಯೌವನವನ್ನೇ ಈಸಿಕೊಳ್ಳುತ್ತಾನೆ. ಕನ್ನಡದ ಕಥೆ ಇಂಗ್ಲಿಷಿಗೆ ಹೋಗಿ ಅಲ್ಲಿ ಪಾಠವಾಯಿತು. ನಾನು ನೋಡಿದ ಪಠ್ಯಗಳಲ್ಲಿ ಅದು ವಾಪಸ್ಸು ಬಂದಿಲ್ಲ.

ಇನ್ನು ಹಳೆ ಪುಸ್ತಕಗಳ ವಿಷಯ. ಕಾಲೇಜೊಂದರ ಲೈಬ್ರರಿಯಿಂದ ನನ್ನ ಅಕ್ಕನ ಮಗಳು ತಂದ ಒಂದು ದಪ್ಪ ಪುಸ್ತಕದಲ್ಲಿ ಸಲಿಂಗಕಾಮ ಇನ್ನೂ ರೋಗಗಳ ಪಟ್ಟಿಯಲ್ಲಿದೆ. ಅಮೆರಿಕದ ಮನೋವೈದ್ಯರ ಸಂಘ ಅದನ್ನು ತನ್ನ ಕೈಪಿಡಿ ಡಿಎಸ್‌ಎಂನಿಂದ ತೆಗೆಯಲು ತೀರ್ಮಾನಿಸಿದ್ದು 1973ರಲ್ಲಿ. ನಮ್ಮ ಸುಪ್ರೀಂ ಕೋರ್ಟು ಅದು ಅಪರಾಧವಲ್ಲ ಅಂದದ್ದು 2018ರಲ್ಲಿ. ಲೈಬ್ರರಿಯ ಬೀರುವಿಗೆ ಎರಡೂ ಸುದ್ದಿ ಮುಟ್ಟಿಲ್ಲ. ಡಿಎಸ್‌ಎಂ 1952ರಿಂದ ಇಲ್ಲಿಯವರೆಗೆ ಎಷ್ಟೋ ಸಲ ಬದಲಾಗಿದೆ. 1980ರಲ್ಲಿ ಆತಂಕ, ಗೀಳಿನಂಥ ತೊಂದರೆಗಳನ್ನು ಒಟ್ಟಿಗೆ ಸೇರಿಸುತ್ತಿದ್ದ ಫ್ರಾಯ್ಡ್ ಕಾಲದ ‘ನ್ಯೂರೋಸಿಸ್’ ಅನ್ನುವ ವಿಭಾಗವನ್ನೇ ಕೈಬಿಟ್ಟಿತು. 2022ರಲ್ಲಿ ಮತ್ತೊಂದು ಪರಿಷ್ಕರಣೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಜಾರಿಗೆ ಬಂತು. ಹಳೆ ಕಾದಂಬರಿ ಹಳೆಯದಾದಷ್ಟೂ ರುಚಿ. ರೋಗ ಹೇಳುವ ಪುಸ್ತಕಕ್ಕೆ ಆ ಮಾತು ಹೊಂದುವುದಿಲ್ಲ. ಐಸಿಡಿ-11 ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತದೆ, ದುಡ್ಡಿಲ್ಲದ ವಿದ್ಯಾರ್ಥಿಗೆ ದೊಡ್ಡ ಸಹಾಯ. ಕನ್ನಡದಲ್ಲಿ ಅಲ್ಲ, ಅಷ್ಟೇ.

ದುಡ್ಡಿನ ಮಾತು ಬಂದ ಮೇಲೆ ಜೆರಾಕ್ಸ್ ಅಂಗಡಿಯನ್ನು ಬಿಡುವ ಹಾಗಿಲ್ಲ. ಅವಳ ಪುಸ್ತಕಗಳಲ್ಲಿ ಅರ್ಧಕ್ಕೂ ಜಾಸ್ತಿ ಸ್ಪೈರಲ್ ಬೈಂಡಿಂಗ್‌ನವು. ಇದು ಕಳ್ಳತನವಾ ಅಂತ ಅವಳಿಗೂ ಅಳುಕಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶಕರು 2012ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಕೇಸು ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟು, ಪಾಠಕ್ಕೆ ಬೇಕಾದ ಭಾಗಗಳನ್ನು ಪ್ರತಿ ಮಾಡಿಕೊಳ್ಳುವುದಕ್ಕೆ ಕೃತಿಸ್ವಾಮ್ಯ ಕಾಯಿದೆಯಲ್ಲೇ ಜಾಗ ಇದೆ ಅಂದಿತು. ಇಡೀ ಪುಸ್ತಕ ಎತ್ತಿ ಮಾರಬಹುದು ಅಂತ ಅದರ ಅರ್ಥ ಅಲ್ಲ.

ಹಾಗೆ ನೋಡಿದರೆ ಫ್ರಾಯ್ಡ್ ವಿಷಯದಲ್ಲಿ ಆ ಅಳುಕೇ ಬೇಡ. ಅವರು ತೀರಿಕೊಂಡದ್ದು 1939ರಲ್ಲಿ. ನಮ್ಮ ಕಾಯಿದೆಯಲ್ಲಿ ಲೇಖಕ ಸತ್ತು 60 ವರ್ಷದವರೆಗೆ ಹಕ್ಕು. ಅಂದರೆ ಈಗ ಅವರ ಜರ್ಮನ್ ಬರಹವನ್ನು ಯಾರು ಬೇಕಾದರೂ ನೇರವಾಗಿ ಕನ್ನಡಕ್ಕೆ ತರಬಹುದು. ಲ್ಯಾಟಿನ್ನಿನ ಹಂಗಿಲ್ಲದೆ.

ಈಗ ಕನ್ನಡ ಬೇಕು ಅಂತ ಕಾನೂನೇ ಹೇಳುತ್ತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪ್ರಕಾರ ರೋಗಿಗೆ ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ಬಗ್ಗೆ ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕಿದೆ. 2022ರ ಅಕ್ಟೋಬರ್ 10ರಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಶುರುವಾಯಿತು. ಪಾವಗಡದಿಂದಲೋ ಕುಣಿಗಲ್ಲಿನಿಂದಲೋ 14416ಕ್ಕೆ ಫೋನ್ ಮಾಡಿದವರಿಗೆ ಆ ಕಡೆಯಿಂದ ಕನ್ನಡದಲ್ಲೇ ಉತ್ತರ ಬರಬೇಕು. ಆ ಕಡೆ ಕೂತವರು ಕಲಿತು ಬಂದದ್ದು ನೋಟ್‌ಬುಕ್ಕಿನ ಎಡಗಡೆಯನ್ನು.

ಹೋದ ತಿಂಗಳು ಮತ್ತೆ ನೋಟ್‌ಬುಕ್ ತೆಗೆದು ನೋಡಿದೆ. ಒಂದು ಕಡೆ ಬಲಗಡೆ ಹಾಳೆಯಲ್ಲಿ “ಎದೆ ಮೇಲೆ ಕಲ್ಲು ಇಟ್ಟಂಗೆ, ಅಳು ಬರಲ್ಲ, ಅತ್ತರೆ ಹಗುರ ಆಗ್ತಿತ್ತು” ಅಂತಿತ್ತು. ಮಧುಗಿರಿ ಕಡೆಯ ಹೆಂಗಸೊಬ್ಬರ ಮಾತಂತೆ. ಎಡಗಡೆ ಖಾಲಿ. “ಡಿಪ್ರೆಷನ್ ಅಂತ ಬರೆಯೋಕೆ ಹೋಗಿ ಬಿಟ್ಟೆ ಮಾಮ, ಮೇಡಂ ಇನ್ನೂ ಎರಡು ಸಲ ಮಾತಾಡಿಸು ಅಂದರು” ಅಂದಳು. ಆ ನೋಟ್‌ಬುಕ್ಕನ್ನು ಜೂನಿಯರ್‌ಗಳು ಈಗಾಗಲೇ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ, ಮೂರು ಸೆಟ್. ಒಬ್ಬಳು ಬಲಗಡೆ ಹಾಳೆಗಳನ್ನಷ್ಟೇ ಕೇಳಿ ಈಸಿಕೊಂಡಳಂತೆ.