ಓದುಗರ ಪ್ರಶ್ನೆ: ನಷ್ಟದಲ್ಲಿರುವ ಅಂಚೆಗೆ ಸರ್ಕಾರ ಪ್ಯಾಕೇಜ್ ಏಕೆ ಕೊಡುತ್ತಿಲ್ಲ?

ಪ್ರಶ್ನೆ: ಬಿಎಸ್‌ಎನ್‌ಎಲ್ ಮುಳುಗುವ ಹಂತಕ್ಕೆ ಬಂದಾಗ ಕೇಂದ್ರ ಸರ್ಕಾರ ಪ್ಯಾಕೇಜ್ ಕೊಟ್ಟಿತು. ಅಂಚೆ ಇಲಾಖೆಯೂ ಸಾವಿರಾರು ಕೋಟಿ ನಷ್ಟದಲ್ಲಿದೆ ಎನ್ನುತ್ತಾರೆ, ಅದಕ್ಕೇಕೆ ಪ್ಯಾಕೇಜ್ ಇಲ್ಲ? ಮಧುಗಿರಿ ತಾಲ್ಲೂಕಿನ ನಮ್ಮೂರಿನ ಅಂಚೆ ಕಚೇರಿ ಮುಚ್ಚಿಹೋದರೆ ಅಲ್ಲಿ ತಿಂಗಳ ಕಂತಿನಲ್ಲಿ ಕಟ್ಟುತ್ತಿರುವ ಆರ್.ಡಿ. (ಆವರ್ತ ಠೇವಣಿ) ಗತಿಯೇನು?

ಉತ್ತರ: ತುಮಕೂರು ಜಿಲ್ಲೆಯ ಓದುಗರಿಂದ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುವ ಪ್ರಶ್ನೆ ಇದು. ಪ್ಯಾಕೇಜ್ ಘೋಷಣೆಯಾಗದಿರುವುದಕ್ಕೆ ಕಾರಣ ಸರ್ಕಾರದ ಜಿಪುಣತನವಲ್ಲ. ಅದನ್ನು ಪಡೆಯಬೇಕಾದ ಕಂಪನಿಯೇ ಇಲ್ಲಿ ಇಲ್ಲ. ಬಿಎಸ್‌ಎನ್‌ಎಲ್ 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯಿಂದ ಬೇರ್ಪಟ್ಟು ಕಂಪನಿಯಾಯಿತು. ಅದಕ್ಕೆ ತನ್ನದೇ ಲೆಕ್ಕಪತ್ರ, ತನ್ನದೇ ಸಾಲ ಉಂಟಾಯಿತು. ಆದ್ದರಿಂದಲೇ 2019ರಲ್ಲಿ ಸುಮಾರು 69,000 ಕೋಟಿ, 2022ರಲ್ಲಿ 1.64 ಲಕ್ಷ ಕೋಟಿ, 2023ರಲ್ಲಿ 89,047 ಕೋಟಿ ರೂಪಾಯಿಗಳ ನೆರವನ್ನು ಸಚಿವ ಸಂಪುಟ ಒಂದೊಂದಾಗಿ ಮಂಜೂರು ಮಾಡಬೇಕಾಯಿತು. ಅಂಚೆ ಮಾತ್ರ 1985ರಲ್ಲಿ ತಂತಿ ಮತ್ತು ದೂರವಾಣಿಯಿಂದ ಬೇರೆಯಾದ ಮೇಲೂ ಇಲಾಖೆಯಾಗಿಯೇ ಉಳಿದಿದೆ. ತಹಶೀಲ್ದಾರರ ಕಚೇರಿ ಹೇಗೆ ದಿವಾಳಿಯಾಗುವುದಿಲ್ಲವೋ ಅಂಚೆ ಕಚೇರಿಯೂ ಹಾಗೆ ದಿವಾಳಿಯಾಗುವುದಿಲ್ಲ. ಅಂಚೆಚೀಟಿ ಮಾರಿದ ಹಣ ಕೇಂದ್ರದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಮುಖ್ಯ ಖಜಾನೆಗೆ, ಹೋಗುತ್ತದೆ, ಇಲಾಖೆಯ ಖರ್ಚಿಗೆ ಸಂಸತ್ತು ಪ್ರತಿ ವರ್ಷ ಅನುದಾನ ಒಪ್ಪುತ್ತದೆ, ಇವೆರಡರ ನಡುವಿನ ಅಂತರವನ್ನೇ ಪತ್ರಿಕೆಗಳು ನಷ್ಟ ಎಂದು ಬರೆಯುತ್ತವೆ. 2018-19ರಲ್ಲಿ ಆ ಅಂತರ ಸುಮಾರು 15,000 ಕೋಟಿ ರೂಪಾಯಿಗಳಷ್ಟಿತ್ತು. ಅಂದರೆ ನೀವು ಕೇಳುತ್ತಿರುವ ಪ್ಯಾಕೇಜ್ ಪ್ರತಿ ವರ್ಷ ಬಜೆಟ್ಟಿನಲ್ಲಿ ಸದ್ದಿಲ್ಲದೆ ಪಾವತಿಯಾಗುತ್ತಲೇ ಇದೆ.

ಆ ಅಂತರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ದೆಹಲಿಯ ಕಡತಗಳಿಗಿಂತ ನಿಮ್ಮ ಊರಿನ ಶಾಖಾ ಅಂಚೆ ಕಚೇರಿಯೇ ಚೆನ್ನಾಗಿ ತೋರಿಸುತ್ತದೆ. ಮಧುಗಿರಿ, ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಅದು ಹೆಚ್ಚಾಗಿ ಪೋಸ್ಟ್ ಮಾಸ್ಟರರ ಮನೆಯ ಮುಂದಿನ ಕೋಣೆ. ಜಾಗವನ್ನು ಒದಗಿಸಿಕೊಳ್ಳಬೇಕಾದವರೂ ಅವರೇ. ನಾನು ಇತ್ತೀಚೆಗೆ ಕುಳಿತಿದ್ದ ಒಂದು ಕೋಣೆಯಲ್ಲಿ ಒಂದು ಮೇಜು, ದಿನಾಂಕ ಬದಲಿಸುವ ಕಬ್ಬಿಣದ ಮುದ್ರೆ, ಅಂಚು ಸವೆದ ಶಾಯಿಪ್ಯಾಡು, ಒಂದು ಮೊಬೈಲು, ಬೆರಳಚ್ಚು ಯಂತ್ರ ಇದ್ದವು. ಮೂಲೆಯಲ್ಲಿ ಹುಣಸೆಹಣ್ಣಿನ ಚೀಲ ಒರಗಿತ್ತು. ಬಸ್ಸಿನಲ್ಲಿ ಬಂದ ಟಪಾಲು ಚೀಲದಿಂದ ಹೊರಬಿದ್ದದ್ದು ಹನ್ನೊಂದು ಕಾಗದ. ಅವುಗಳಲ್ಲಿ ಬ್ಯಾಂಕಿನ ನೋಟಿಸುಗಳೇ ಹೆಚ್ಚು, ಸ್ವಂತ ಕೈಯಿಂದ ವಿಳಾಸ ಬರೆದದ್ದು ಒಂದೂ ಇರಲಿಲ್ಲ. ಆದರೆ ಮುಂದಿನ ಒಂದು ಗಂಟೆಯಲ್ಲಿ ಪಿಂಚಣಿ ಕೇಳಿಕೊಂಡು ಬಂದ ಅಜ್ಜಿಯರು ನಾಲ್ವರು. ಅವರಲ್ಲಿ ಒಬ್ಬರ ಹೆಬ್ಬೆರಳಿನ ಗೆರೆ ಯಂತ್ರಕ್ಕೆ ಸಿಗದೆ, ಕೈ ತೊಳೆಸಿ, ಒರೆಸಿ, ಕೊನೆಗೆ ಉಂಗುರದ ಬೆರಳಿನಲ್ಲಿ ಕೆಲಸವಾಯಿತು. ಈ ಇಪ್ಪತ್ತು ನಿಮಿಷಕ್ಕೆ ಯಾವ ಅಂಚೆಚೀಟಿಯೂ ಖರ್ಚಾಗಲಿಲ್ಲ.

ಇಂಥ ಕಚೇರಿ ಲಾಭ ಮಾಡಬೇಕೆಂದು ಸರ್ಕಾರದ ನಿಯಮವೇ ಹೇಳುವುದಿಲ್ಲ. ಹಳ್ಳಿಯಲ್ಲಿ ಹೊಸ ಶಾಖಾ ಕಚೇರಿ ತೆರೆಯಲು ಇರುವ ಮಾನದಂಡದ ಪ್ರಕಾರ ನಿರೀಕ್ಷಿತ ಆದಾಯವು ವೆಚ್ಚದ ಮೂರನೇ ಒಂದು ಪಾಲಿದ್ದರೆ ಸಾಕು; ಗುಡ್ಡಗಾಡು, ಬುಡಕಟ್ಟು ಮತ್ತು ಹಿಂದುಳಿದ ಪ್ರದೇಶಗಳಲ್ಲಿ ಶೇ 15ರಷ್ಟು ಬಂದರೂ ಸಾಕು. ಉಳಿದ ಎರಡು ಪಾಲನ್ನು ನಾವು ಕೊಡುತ್ತೇವೆ ಎಂದು ತೆರೆಯುವ ದಿನವೇ ಒಪ್ಪಿಕೊಂಡ ಮೇಲೆ ವರ್ಷದ ಕೊನೆಗೆ ಅದನ್ನು ನಷ್ಟ ಎಂದು ಕರೆಯುವುದು ನನಗಂತೂ ಸರಿಕಾಣುವುದಿಲ್ಲ. ದೇಶದ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಗ್ರಾಮೀಣ ಪ್ರದೇಶದಲ್ಲಿವೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ ಕೊರತೆಯ ಗಾತ್ರ ಆಶ್ಚರ್ಯ ಹುಟ್ಟಿಸುವುದಿಲ್ಲ.

ದರ ನಿಗದಿ ಮಾಡುವುದೂ ಸರ್ಕಾರವೇ. ಪೋಸ್ಟ್‌ಕಾರ್ಡಿನ ಬೆಲೆ ಎರಡು ದಶಕಗಳಿಗೂ ಮೀರಿ 50 ಪೈಸೆಯಲ್ಲೇ ನಿಂತಿದೆ. ಒಂದು ಕಾರ್ಡನ್ನು ಮುಟ್ಟಿಸಲು ತಗಲುವ ಖರ್ಚು ಇಲಾಖೆಯದೇ 2016-17ರ ಲೆಕ್ಕದಂತೆ 12 ರೂಪಾಯಿ ದಾಟಿತ್ತು. ಇನ್ನು ಖರ್ಚಿನ ಬಹುಪಾಲು ಸಂಬಳ ಮತ್ತು ಪಿಂಚಣಿಗೆ ಹೋಗುತ್ತದೆ. ಏಳನೇ ವೇತನ ಆಯೋಗದ ಶಿಫಾರಸು 2016ರಿಂದ ಜಾರಿಗೆ ಬಂದಾಗ ಕೊರತೆ ಒಮ್ಮೆಲೇ ಹಿಗ್ಗಿತು. ಹಾಗೆಂದು ಹಳ್ಳಿಯ ಅಂಚೆಯಣ್ಣನ ಮೇಲೆ ಗೂಬೆ ಕೂರಿಸುವಂತಿಲ್ಲ. ಶಾಖಾ ಕಚೇರಿಗಳಲ್ಲಿ ದುಡಿಯುವ ಗ್ರಾಮೀಣ ಡಾಕ್ ಸೇವಕರು ಪೂರ್ಣ ಪ್ರಮಾಣದ ಸರ್ಕಾರಿ ನೌಕರರೇ ಅಲ್ಲ. ದಿನಕ್ಕೆ ನಾಲ್ಕು ಗಂಟೆ ಕೆಲಸದ ಶಾಖಾ ಪೋಸ್ಟ್ ಮಾಸ್ಟರರಿಗೆ 2018ರ ಪರಿಷ್ಕರಣೆಯಲ್ಲಿ ಗೊತ್ತುಪಡಿಸಿದ ಆರಂಭಿಕ ಭತ್ಯೆ 12,000 ರೂಪಾಯಿ.

ಮಾಲೀಕ ಸರ್ಕಾರ, ದರ ನಿಗದಿ ಮಾಡುವುದು ಸರ್ಕಾರ, ಎಲ್ಲೆಲ್ಲಿ ಕಚೇರಿ ಇರಬೇಕು ಎನ್ನುವುದೂ ಸರ್ಕಾರ. ಹೀಗಿರುವಾಗ ಮುಳುಗುತ್ತಿರುವವನನ್ನು ದಡದಿಂದ ಯಾರೋ ಎಳೆದು ಪಾರುಮಾಡುವ ಚಿತ್ರ ಇಲ್ಲಿಗೆ ಒಗ್ಗುವುದಿಲ್ಲ. ಅಮೆರಿಕದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. ಅಲ್ಲಿನ ಅಂಚೆ 1971ರಿಂದ ತನ್ನ ಆದಾಯದಲ್ಲೇ ಬದುಕಬೇಕಾದ ಸ್ವತಂತ್ರ ಸಂಸ್ಥೆ. 2006ರ ಒಂದು ಕಾನೂನು, ನಿವೃತ್ತರಾಗುವವರ ಮುಂದಿನ ವೈದ್ಯಕೀಯ ವೆಚ್ಚಕ್ಕಾಗಿ ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಮುಂಗಡವಾಗಿ ಕೂಡಿಡಬೇಕೆಂದು ಅದರ ಮೇಲೆ ಹೊರೆ ಹೇರಿತು. ಸಂಸ್ಥೆ ಕಂತು ಕಟ್ಟಲಾರದೆ ಬಾಕಿ ಬೆಳೆಸಿಕೊಂಡಿತು. 2022ರ ಏಪ್ರಿಲಿನಲ್ಲಿ ಇನ್ನೊಂದು ಕಾನೂನು ಸುಮಾರು 5,700 ಕೋಟಿ ಡಾಲರ್ ಬಾಕಿಯನ್ನು ಅಳಿಸಿಹಾಕಿತು. ಗುಂಡಿ ತೋಡಿದ ಸಂಸತ್ತೇ ಹದಿನಾರು ವರ್ಷದ ಬಳಿಕ ಅದನ್ನು ಮುಚ್ಚಿತು. ಬ್ರಿಟನ್ನಿನಲ್ಲಿ ಸರ್ಕಾರ 2012ರಲ್ಲಿ ರಾಯಲ್ ಮೇಲ್‌ನ ಹಳೆಯ ಪಿಂಚಣಿ ಹೊಣೆಯನ್ನು ತಾನು ಹೊತ್ತುಕೊಂಡು, ಮರುವರ್ಷ ಸಂಸ್ಥೆಯನ್ನು ಷೇರುಪೇಟೆಯಲ್ಲಿ ಮಾರಿತು. ಅಂಚೆ ಕಚೇರಿ ಕೌಂಟರುಗಳ ಜಾಲ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. ಡೆನ್ಮಾರ್ಕಿನ ಸರ್ಕಾರಿ ಅಂಚೆಯಂತೂ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು.

ನಮ್ಮಲ್ಲಿ ಸರ್ಕಾರ ಹಿಡಿದಿರುವ ದಾರಿ ಬೇರೆ: ಕಚೇರಿಗಳನ್ನು ಉಳಿಸಿಕೊಂಡು ಅವುಗಳಿಗೆ ಹೊಸ ಕೆಲಸ ಹಚ್ಚುವುದು. 2018ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಅಂಚೆ ಪಾವತಿ ಬ್ಯಾಂಕಿಗೆ ಬಂಡವಾಳ ಪೂರ್ತಿ ಸರ್ಕಾರದ್ದು. 2022ರಲ್ಲಿ ಇನ್ನೂ 820 ಕೋಟಿ ರೂಪಾಯಿ ಮಂಜೂರಾಯಿತು, 2022-23ರಲ್ಲಿ ಅದು ಮೊದಲ ಬಾರಿಗೆ ಲಾಭ ತೋರಿಸಿತು. 1898ರ ಕಾಯ್ದೆಯ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದ್ದು, ಪತ್ರ ಸಾಗಿಸುವ ಏಕಸ್ವಾಮ್ಯವನ್ನು ಬಿಟ್ಟುಕೊಟ್ಟಿದೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಸಣ್ಣ ಪ್ರಕಾಶಕರು ನೆಚ್ಚಿಕೊಂಡಿದ್ದ ಅಗ್ಗದ ಪುಸ್ತಕ ಅಂಚೆ ನಿಂತುಹೋಗಿ ಗದ್ದಲವಾದ ಮೇಲೆ, 2025ರ ಮೇ 1ರಂದು ಜ್ಞಾನ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ. ಕನ್ನಡದ ಕಿರುಪತ್ರಿಕೆಗಳನ್ನು ತರಿಸುವವರಿಗೆ ಈ ಬದಲಾವಣೆಯ ಬಿಸಿ ಗೊತ್ತು.

ಸಂವಹನ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಅವರು 2029ರ ಹೊತ್ತಿಗೆ ಅಂಚೆಯನ್ನು ಲಾಭದ ಕೇಂದ್ರವಾಗಿಸುವ ಗುರಿಯನ್ನು ಹೇಳಿದ್ದಾರೆ. ಪಾರ್ಸೆಲ್, ವಿಮೆ, ಬ್ಯಾಂಕಿಂಗ್ ಇವುಗಳಿಗೆ ಅಂಥ ಗುರಿ ಇಡುವುದು ನ್ಯಾಯವೇ. ಆದರೆ ಹುಣಸೆ ಚೀಲದ ಪಕ್ಕದ ಆ ಮೇಜಿಗೂ ಅದೇ ಅಳತೆಗೋಲು ಹಿಡಿದರೆ ಮೂರನೇ ಒಂದು ಪಾಲಿನ ಹಳೆಯ ಒಪ್ಪಂದ ಸದ್ದಿಲ್ಲದೆ ಮುರಿದುಬೀಳುತ್ತದೆ. ಹಳ್ಳಿಯ ಕಚೇರಿಗಳಿಗಾಗಿ ಸರ್ಕಾರ ಕೊಡುವ ಹಣವನ್ನು ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬತ್ತಾಗಿ, ಸೇವೆಗೆ ಕೊಟ್ಟ ಶುಲ್ಕವೆಂದೇ ಬರೆದು ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಆಗ ವ್ಯಾಪಾರದಲ್ಲಿ ಆದ ನಿಜವಾದ ನಷ್ಟ ಎಷ್ಟು, ಅದಕ್ಕೆ ಯಾರು ಹೊಣೆ ಎಂದು ಕೇಳಲು ಬರುತ್ತದೆ. ಅಂದಹಾಗೆ, ಇದೇ ತುಮಕೂರು, ಕೋಲಾರ ಸೀಮೆಯಲ್ಲಿ ಟಪಾಲು ಹೊತ್ತು ತಿರುಗುತ್ತಿದ್ದ, ಮೈಸೂರು ಸಂಸ್ಥಾನದ ಸ್ವಂತ ಟಪಾಲು ವ್ಯವಸ್ಥೆಯಾಗಿದ್ದ ಮೈಸೂರು ಅಂಚೆಯನ್ನು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಗೆ ಸೇರಿಸಲಾಯಿತು. ನಮ್ಮ ಪಾಲಿಗೆ ಉಳಿದದ್ದು ಅಂಚೆ ಎಂಬ ಹೆಸರು.

ಇನ್ನು ನಿಮ್ಮ ಆರ್.ಡಿ. ವಿಚಾರ. ಉಳಿತಾಯ ಯೋಜನೆಗಳು ಅಂಚೆ ಇಲಾಖೆಯ ಸ್ವಂತ ವ್ಯವಹಾರವಲ್ಲ. ಹಣಕಾಸು ಸಚಿವಾಲಯದ ಪರವಾಗಿ ಅದು ನಡೆಸುವ ಏಜೆನ್ಸಿ ಕೆಲಸ, ಅದಕ್ಕೆ ಇಲಾಖೆಗೆ ಸಂಭಾವನೆ ಸಿಗುತ್ತದೆ. ನೀವು ಕಟ್ಟಿದ ಹಣ 1999ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಸೇರುತ್ತದೆ. ಬ್ಯಾಂಕ್ ಠೇವಣಿಯ ವಿಮೆಗೆ 5 ಲಕ್ಷ ರೂಪಾಯಿಗಳ ಮಿತಿ ಇದೆ; ಅಂಚೆಯ ಠೇವಣಿಗೆ ಅಸಲು ಬಡ್ಡಿ ಎರಡಕ್ಕೂ ಕೇಂದ್ರ ಸರ್ಕಾರದ್ದೇ ಖಾತರಿ. ಇಲಾಖೆಯ ಕೊರತೆ ಎಷ್ಟೇ ಏರಿದರೂ ನಿಮ್ಮ ಪಾಸ್‌ಬುಕ್ಕಿಗೆ ಅದು ಮುಟ್ಟುವುದಿಲ್ಲ, ಶಾಖೆಯೇ ಸ್ಥಳಾಂತರಗೊಂಡರೂ ಖಾತೆ ಇನ್ನೊಂದು ಕಚೇರಿಯಲ್ಲಿ ಮುಂದುವರಿಯುತ್ತದೆ. ನೀವು ಗಮನಿಸಬೇಕಾದ್ದು ತಾರೀಖನ್ನು: ಖಾತೆಯನ್ನು ತಿಂಗಳ 15ರೊಳಗೆ ತೆರೆದಿದ್ದರೆ ಪ್ರತಿ ಕಂತನ್ನೂ 15ರೊಳಗೆ, ಆಮೇಲೆ ತೆರೆದಿದ್ದರೆ ತಿಂಗಳ ಕೊನೆಯ ಕೆಲಸದ ದಿನದೊಳಗೆ ಕಟ್ಟಬೇಕು. ತಪ್ಪಿದರೆ ನೂರು ರೂಪಾಯಿಗೆ ಒಂದು ರೂಪಾಯಿಯಂತೆ ದಂಡ.