ರಾಬರ್ಟ್ ಜಾನ್ಸನ್‌ಗೆ ಗಿಟಾರ್ ಕಲಿಸಿದ್ದು ಯಾರು?

ಪ್ರಶ್ನೆ: ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಗಾಯಕ, ಗಿಟಾರ್ ವಾದಕ ರಾಬರ್ಟ್ ಜಾನ್ಸನ್ ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದನಂತೆ, ಹೌದೇ?

ಇಲ್ಲ. ಎಷ್ಟು ಸಲ ಕೇಳಿದರೂ ಉತ್ತರ ಇದೇ. ಕಲಿಸಿದವನು ಐಕ್ ಜಿಮ್ಮರ್‌ಮನ್, ಹೆಂಡತಿ ಮಕ್ಕಳಿದ್ದ ಸಂಸಾರಸ್ಥ.

1930ರ ಸುಮಾರಿಗೆ ಮಿಸಿಸಿಪ್ಪಿಯ ರಾಬಿನ್ಸನ್‌ವಿಲ್‌ನಲ್ಲಿ ಜಾನ್ಸನ್ ಹಾರ್ಮೋನಿಕಾವನ್ನು ಚೆನ್ನಾಗಿ ನುಡಿಸುತ್ತಿದ್ದ. ಗಿಟಾರ್ ಮುಟ್ಟಿದರೆ ಮಾತ್ರ ಹಿರಿಯ ಗಾಯಕ ಸನ್ ಹೌಸ್ ಗದರುತ್ತಿದ್ದ. ಹುಡುಗ ಊರು ಬಿಟ್ಟು, ತಾನು ಹುಟ್ಟಿದ ಹೇಝಲ್‌ಹರ್ಸ್ಟ್ ಕಡೆ ಹೋದ. ತಿರುಗಿ ಬಂದಾಗ ಗಿಟಾರ್ ಮೇಲೆ ಅವನ ಕೈಚಳಕ ನೋಡಿ ಸನ್ ಹೌಸ್ ಬೆರಗಾದ. ಕಥೆ ಬೆಳೆದದ್ದು ಈ ನಡುವಿನ ಖಾಲಿ ಜಾಗದಲ್ಲಿ. ಆಗ ಜಾನ್ಸನ್ ಜಿಮ್ಮರ್‌ಮನ್ ಮನೆಯಲ್ಲಿದ್ದು ಕಲಿಯುತ್ತಿದ್ದ. ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದುದು ನಿಜ. ಕಾರಣ ಸರಳ: ಅಲ್ಲಿ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ.

ಸೈತಾನನ ಕಥೆ ಇನ್ನೊಬ್ಬ ಗಾಯಕ ಟಾಮಿ ಜಾನ್ಸನ್‌ನದು. ಅದನ್ನು ಹೇಳಿದವನು ಅವನ ಸೋದರ ಲೆಡೆಲ್. ಅಡ್ಡಹೆಸರು ಒಂದೇ, ನೆಂಟಸ್ತಿಕೆ ಇಲ್ಲ.

"ಹಾಡಲ್ಲೇ ಇದೆಯಲ್ಲ" ಎನ್ನುವವರು ದಯವಿಟ್ಟು 1936ರ ನವೆಂಬರ್ 27ರಂದು ಸ್ಯಾನ್ ಆಂಟೋನಿಯೊದಲ್ಲಿ ಧ್ವನಿಮುದ್ರಣವಾದ 'ಕ್ರಾಸ್ ರೋಡ್ ಬ್ಲೂಸ್' ಅನ್ನು ಒಮ್ಮೆ ಪೂರ್ತಿ ಕೇಳಿ. ಅವನು ಮಂಡಿಯೂರಿ ಬೇಡುವುದು ದೇವರ ಕರುಣೆಯನ್ನು. ಹೊತ್ತು ಮುಳುಗುತ್ತಿದೆ, ಕೈ ಅಡ್ಡ ಹಿಡಿದರೂ ಯಾವ ಗಾಡಿಯೂ ನಿಲ್ಲುತ್ತಿಲ್ಲ. ಆ ಕಾಲದ ಮಿಸಿಸಿಪ್ಪಿಯಲ್ಲಿ ಗುರುತಿಲ್ಲದ ಕಡೆ ಕತ್ತಲಾದ ಮೇಲೆ ಕಪ್ಪು ಯುವಕನೊಬ್ಬ ಒಂಟಿಯಾಗಿ ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ. ಆ ಹಾಡಿನ ಭಯ ಅದು. ಸೈತಾನನ ಹೆಸರೇ ಅದರಲ್ಲಿಲ್ಲ. ಮರುವರ್ಷದ 'ಮಿ ಅಂಡ್ ದ ಡೆವಿಲ್ ಬ್ಲೂಸ್'ನಲ್ಲಿದೆ, ನಿಜ. ಆದರೆ ಅಂಥ ಮಾತು ಆಗ ರೂಢಿಯಲ್ಲಿತ್ತು. ಬ್ಲೂಸ್ ಗಾಯಕ ಪೀಟಿ ವೀಟ್‌ಸ್ಟ್ರಾ ತನ್ನನ್ನು "ಸೈತಾನನ ಅಳಿಯ" ಎಂದೇ ಕರೆದುಕೊಂಡು ರೆಕಾರ್ಡ್ ಮಾರುತ್ತಿದ್ದ.

ಜಾನ್ಸನ್‌ನ ವಿದ್ಯೆಯ ಮೂಲಗಳನ್ನು ಕಿವಿಯಿಂದಲೇ ಗುರುತಿಸಬಹುದು. ಅವನ '32-20 ಬ್ಲೂಸ್' ಹಾಡು ಬಂದದ್ದು ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್‌ನ 1931ರ '22-20 ಬ್ಲೂಸ್'ನಿಂದ. 'ಸ್ವೀಟ್ ಹೋಮ್ ಶಿಕಾಗೊ'ದ ಹಿಂದಿರುವುದು ಇನ್ನೊಬ್ಬ ಗಾಯಕ ಕೊಕೊಮೊ ಅರ್ನಾಲ್ಡ್. ಪಿಯಾನೊದವರು ಎಡಗೈಯಲ್ಲಿ ಬಿಡದೆ ನುಡಿಸುವ 'ಬೂಗಿ' ಲಯವನ್ನು ಜಾನ್ಸನ್ ಗಿಟಾರ್‌ನ ದಪ್ಪ ತಂತಿಗಳಿಗೆ ತಂದ. ಎ ಸ್ವರದಲ್ಲಿ ನೀವೂ ನುಡಿಸಿ ನೋಡಿ: ಐದನೇ ತಂತಿ ತೆರೆದಿರಲಿ, ನಾಲ್ಕನೆಯದರ ಮೇಲೆ ಎರಡನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ), ಆಮೇಲೆ ನಾಲ್ಕನೇ ಫ್ರೆಟ್, ಮತ್ತೆ ಎರಡನೆಯದು. ಹೆಬ್ಬೆರಳು ಇದನ್ನು ಬಿಡದೆ ನಡೆಸುತ್ತಿರಬೇಕು, ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ಹಾಡಿಗೆ ಮರುನುಡಿಯಬೇಕು. ಕಲಿಯುವವರು ಸೋಲುವುದು ಇಲ್ಲೇ: ಬೆರಳು ಹಾಡಿನ ಹಿಂದೆ ಓಡಿದಾಗ ಹೆಬ್ಬೆರಳು ನಿಂತುಬಿಡುತ್ತದೆ. ಇದನ್ನು ಸರಿಪಡಿಸಲು ತಿಂಗಳುಗಟ್ಟಲೆ ನಿಧಾನವಾಗಿ ನುಡಿಸುವುದೊಂದೇ ದಾರಿ. ಅವನೂ ಮಾಡಿದ್ದು ಅದನ್ನೇ. ಆ ದುಡಿಮೆಯ ಕೀರ್ತಿಯನ್ನು ಸೈತಾನನಿಗೆ ಕೊಡುವುದು ಅನ್ಯಾಯ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಹಣದ್ದು. ಜಾನ್ಸನ್ ಧ್ವನಿಮುದ್ರಿಸಿದ್ದು ಎರಡು ಊರಲ್ಲಿ, ಐದು ದಿನ, 29 ಹಾಡು; ಸಿಕ್ಕಿದ್ದು ಒಂದೇ ಸಲದ ಸಂಭಾವನೆ, ರಾಯಲ್ಟಿ ಇಲ್ಲ. 1938ರ ಆಗಸ್ಟ್ 16ರಂದು, 27ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. 1990ರಲ್ಲಿ ಒಟ್ಟುಗೂಡಿಸಿ ಹೊರತಂದ ಅವನ ಧ್ವನಿಮುದ್ರಣಗಳು 10 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಹಕ್ಕಿನ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಜಲ್ಲಿ ಲಾರಿ ಓಡಿಸಿ ಬದುಕಿದ್ದ ಕ್ಲಾಡ್ ಜಾನ್ಸನ್ ಅವನ ಮಗನೆಂದು 1998ರಲ್ಲಿ ನ್ಯಾಯಾಲಯ ಒಪ್ಪಿತು. 2000ದಲ್ಲಿ ಮಿಸಿಸಿಪ್ಪಿಯ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ತೀರ್ಪಿಗೆ ಮುಖ್ಯ ಆಧಾರವಾದದ್ದು ಕ್ಲಾಡ್‌ನ ತಾಯಿಯ ಹಳೆಯ ಗೆಳತಿ ನುಡಿದ ಸಾಕ್ಷ್ಯ.